ಓದುಗರ ಪ್ರಶ್ನೆ: ಈ ಅಡ್ರೆಸ್ ಯಾವ ಬಸ್ಸಿನದು?

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಒಂದೇ ವಿಷಯದವು. ಬೋರ್ಡ್ ಮೇಲೆ ಚಿಪ್ ಇದೆ, ಕರ್ನಲ್‌ನಲ್ಲಿ, ಅಂದರೆ ಲಿನಕ್ಸ್‌ನ ತಿರುಳಿನಲ್ಲಿ, ಅದನ್ನು ನಡೆಸುವ ಡ್ರೈವರ್ ಕೂಡ ಇದೆ, ಆದರೂ ಡ್ರೈವರ್‌ಗೆ ಚಿಪ್ ಸಿಗುತ್ತಿಲ್ಲ. ಇವೆರಡರ ನಡುವೆ ಇರುವುದು ಡಿವೈಸ್ ಟ್ರೀ. ಯಾವ ಬಸ್ (ಚಿಪ್‌ಗಳನ್ನು ಜೋಡಿಸುವ ತಂತಿಗಳ ಗುಂಪು) ಮೇಲೆ, ಯಾವ ಅಡ್ರೆಸ್‌ನಲ್ಲಿ, ಯಾವ ಸಾಧನ ಇದೆ ಅಂತ ಕರ್ನಲ್‌ಗೆ ಹೇಳುವ ವಿವರಣೆ ಅದು. ಹಾಗಾಗಿ ಈ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹದಿನಾರರ ಲೆಕ್ಕದ ಸಂಖ್ಯೆ ಮೊದಲು ಬರುವಲ್ಲಿ 'ಹೆಕ್ಸ್' ಅಂತ ಸೂಚಿಸಿದ್ದೇನೆ, ಆಮೇಲೆ ಬರುವ ಅಡ್ರೆಸ್‌ಗಳೂ ಅದೇ ಲೆಕ್ಕದವು.

ಪ್ರಶ್ನೆ: ಒಂದು ಉಷ್ಣತೆ ಸೆನ್ಸರ್ ಅನ್ನು ಐ2ಸಿ ಬಸ್‌ಗೆ ಜೋಡಿಸಿದ್ದೇನೆ. ಡೇಟಾಶೀಟ್‌ನಲ್ಲಿ ಅದರ ಅಡ್ರೆಸ್ ಹೆಕ್ಸ್ 90 ಅಂತ ಇದೆ. ಬಸ್ ಸ್ಕ್ಯಾನ್ ಮಾಡಿದರೆ ಹೆಕ್ಸ್ 48ರಲ್ಲಿ ಕಾಣುತ್ತದೆ. ಡಿವೈಸ್ ಟ್ರೀಯಲ್ಲಿ ಯಾವುದನ್ನು ಬರೆಯಲಿ?

ಉತ್ತರ: 48 ಬರೆಯಿರಿ. ಐ2ಸಿ ಅಂದರೆ ಎರಡೇ ತಂತಿಯ ಮೇಲೆ ಹಲವು ಚಿಪ್‌ಗಳನ್ನು ಜೋಡಿಸುವ ಬಸ್, ಅದರಲ್ಲಿ ಅಡ್ರೆಸ್ ಸಾಮಾನ್ಯವಾಗಿ 7 ಬಿಟ್. ತಂತಿಯ ಮೇಲೆ ಹೋಗುವಾಗ ಅದರ ಹಿಂದೆ ಇನ್ನೊಂದು ಬಿಟ್ ಸೇರಿಕೊಳ್ಳುತ್ತದೆ, ಈಗ ಬರೆಯುತ್ತಿದ್ದೇವೋ ಓದುತ್ತಿದ್ದೇವೋ ಅಂತ ಹೇಳುವುದಕ್ಕೆ. ಹೆಕ್ಸ್ 48ನ್ನು ಒಂದು ಬಿಟ್ ಎಡಕ್ಕೆ ಸರಿಸಿ ನೋಡಿ, 90 ಬರುತ್ತದೆ. ಅದು ಬರೆಯುವಾಗ ಹೋಗುವ ಬೈಟ್. ಓದುವಾಗ ಹೋಗುವುದು 91. ಕೆಲವು ತಯಾರಕರು ಈ ಪೂರ್ತಿ ಬೈಟನ್ನೇ ಅಡ್ರೆಸ್ ಅಂತ ಡೇಟಾಶೀಟ್‌ನಲ್ಲಿ ಹಾಕಿಬಿಡುತ್ತಾರೆ. ಲಿನಕ್ಸ್ ಕೇಳುವುದು ಮಾತ್ರ ಶುದ್ಧ 7 ಬಿಟ್ ಅಡ್ರೆಸ್.

ನೀವು 90 ಬರೆದಿದ್ದರೂ ಬೇಗ ಗೊತ್ತಾಗುತ್ತಿತ್ತು. 7 ಬಿಟ್‌ನಲ್ಲಿ ಹೆಕ್ಸ್ 7ಎಫ್‌ಗಿಂತ ದೊಡ್ಡದು ಹಿಡಿಯುವುದಿಲ್ಲ, ಕರ್ನಲ್ ಲಾಗ್‌ನಲ್ಲಿ 'ತಪ್ಪು ಅಡ್ರೆಸ್' ಅಂತ ಬರೆದು ಆ ಸಾಧನವನ್ನು ಬಿಟ್ಟುಬಿಡುತ್ತದೆ. ನಿಜವಾದ ತೊಂದರೆ ಇರುವುದು ಚಿಕ್ಕ ಅಡ್ರೆಸ್‌ಗಳಲ್ಲಿ. ಹೆಕ್ಸ್ 20ರಲ್ಲಿರುವ ಚಿಪ್‌ಗೆ ಡೇಟಾಶೀಟ್ ನೋಡಿ 40 ಅಂತ ಬರೆದಿರಿ ಅಂದುಕೊಳ್ಳಿ. 40 ಕೂಡ ಸರಿಯಾದ ಅಡ್ರೆಸ್ಸೇ, ಕರ್ನಲ್ ತಕರಾರು ಮಾಡುವುದಿಲ್ಲ, ಡ್ರೈವರ್ ಹೋಗಿ ಯಾರೂ ಇಲ್ಲದ ಅಡ್ರೆಸ್‌ನಲ್ಲಿ ಮಾತಾಡಿಸುತ್ತಾ ಇರುತ್ತದೆ. ಅದಕ್ಕೇ ಡೇಟಾಶೀಟ್‌ನಲ್ಲಿ ಅಡ್ರೆಸ್ ಸಿಕ್ಕ ತಕ್ಷಣ, ಇದು 7 ಬಿಟ್‌ನದೋ 8 ಬಿಟ್‌ನದೋ ಅಂತ ಟೈಮಿಂಗ್ ಚಿತ್ರ ನೋಡಿ ಖಾತ್ರಿ ಮಾಡಿಕೊಳ್ಳಿ. ಆ ಚಿತ್ರದಲ್ಲಿ ಬಿಟ್‌ಗಳನ್ನು ಬಿಡಿಬಿಡಿಯಾಗಿ ಬರೆದಿರುತ್ತಾರೆ, ಗೊಂದಲಕ್ಕೆ ಜಾಗವೇ ಇರುವುದಿಲ್ಲ.

ಇನ್ನೊಂದು ಮಾತು. 48 ಅನ್ನುವುದು ತನ್ನಷ್ಟಕ್ಕೆ ಅಡ್ರೆಸ್ ಅಲ್ಲ. ರೋಲ್ ನಂಬರ್ 12 ಶಾಲೆಯ ಪ್ರತಿ ತರಗತಿಯಲ್ಲೂ ಇರುತ್ತದೆ, ಯಾವ ತರಗತಿ ಅಂತ ಹೇಳದಿದ್ದರೆ ಯಾವ ಹುಡುಗ ಅಂತ ತಿಳಿಯುವುದಿಲ್ಲ ಅಲ್ವಾ, ಇದೂ ಅಷ್ಟೇ. ನಿಮ್ಮ ಬೋರ್ಡ್‌ನಲ್ಲಿ ಮೂರು ಐ2ಸಿ ಕಂಟ್ರೋಲರ್ ಇದ್ದರೆ ಮೂರರಲ್ಲೂ ಒಂದೊಂದು 48 ಇರಬಹುದು. ಡಿವೈಸ್ ಟ್ರೀಯಲ್ಲಿ 'ಯಾವ ಬಸ್' ಅನ್ನುವುದಕ್ಕೆ ಬೇರೆ ಸಾಲು ಇಲ್ಲ. ಸೆನ್ಸರ್‌ನ ನೋಡ್ ಅನ್ನು, ಅಂದರೆ ಮರದಲ್ಲಿ ಅದರ ವಿವರ ಇರುವ ಭಾಗವನ್ನು, ಯಾವ ಕಂಟ್ರೋಲರ್‌ನ ನೋಡ್ ಒಳಗೆ ಇಟ್ಟಿರೋ ಅದೇ ಉತ್ತರ. ಬಹಳ ಜನ ಸಂಖ್ಯೆಯನ್ನು ಹತ್ತು ಸಲ ಪರೀಕ್ಷಿಸುತ್ತಾರೆ, ನೋಡ್ ಯಾವ ಕಂಟ್ರೋಲರ್‌ನ ಆವರಣದೊಳಗೆ ಇದೆ ಅನ್ನುವುದನ್ನು ನೋಡುವುದೇ ಇಲ್ಲ. ಮೊದಲು ಅದನ್ನು ನೋಡಿ.

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ಹೊಸ ಕಾರ್ಡ್ ಹಾಕಿದರೆ ಆಪರೇಟಿಂಗ್ ಸಿಸ್ಟಂ ತಾನೇ ಕಂಡುಹಿಡಿಯುತ್ತದೆ. ಸಣ್ಣ ಬೋರ್ಡ್‌ಗಳಲ್ಲಿ ಮಾತ್ರ ಎಲ್ಲವನ್ನೂ ಕೈಯಲ್ಲೇ ಯಾಕೆ ಬರೆಯಬೇಕು? ಸುಮ್ನೆ ಎಲ್ಲ ಅಡ್ರೆಸ್‌ಗಳನ್ನೂ ಒಂದೊಂದಾಗಿ ತಟ್ಟಿ ನೋಡಬಾರದೇ?

ಉತ್ತರ: ತಟ್ಟಿ ನೋಡಿದರೆ ಉತ್ತರ ಕೊಡಬೇಕು ಅಂತ ಬಸ್‌ನ ನಿಯಮದಲ್ಲೇ ಇದ್ದರೆ ನೋಡಬಹುದು. ಪಿಸಿಐನಲ್ಲಿ, ಅಂದರೆ ಕಂಪ್ಯೂಟರ್‌ಗೆ ಕಾರ್ಡ್‌ಗಳನ್ನು ಜೋಡಿಸುವ ಬಸ್‌ನಲ್ಲಿ, ಹಾಗೆ ಇದೆ. ಅಲ್ಲಿ ಒಂದು ಅಡ್ರೆಸ್ ಅಂದರೆ ಮೂರು ಸಂಖ್ಯೆ: ಬಸ್‌ಗೆ 8 ಬಿಟ್, ಡಿವೈಸ್‌ಗೆ 5, ಫಂಕ್ಷನ್‌ಗೆ 3. ಒಟ್ಟು 256 ಬಸ್, ಪ್ರತಿ ಬಸ್ ಮೇಲೆ 32 ಡಿವೈಸ್, ಪ್ರತಿ ಡಿವೈಸ್‌ನಲ್ಲಿ 8 ಫಂಕ್ಷನ್. ಕರ್ನಲ್ ಒಂದೊಂದು ಜಾಗದಲ್ಲೂ ತಯಾರಕರ ಐಡಿ ಓದಲು ನೋಡುತ್ತದೆ. ಯಾರೂ ಇಲ್ಲದಿದ್ದರೆ ಎಲ್ಲ ಬಿಟ್‌ಗಳೂ 1 ಆಗಿ ಬರುತ್ತವೆ, ಅಂದರೆ ಖಾಲಿ. ಯಾರಾದರೂ ಇದ್ದರೆ ಅವರ ಐಡಿ ಬರುತ್ತದೆ, ಆ ಐಡಿಯಿಂದ ಡ್ರೈವರ್ ಗೊತ್ತಾಗುತ್ತದೆ. ಸಾಧನಕ್ಕೆ ಎಷ್ಟು ಮೆಮೊರಿ ಜಾಗ ಬೇಕು ಅನ್ನುವುದನ್ನೂ ಕೇಳಿ ತಿಳಿಯಬಹುದು: ಅದರ ಬೇಸ್ ಅಡ್ರೆಸ್ ರಿಜಿಸ್ಟರ್‌ಗೆ (ಆ ಜಾಗದ ಶುರುವಿನ ಅಡ್ರೆಸ್ ಇಡುವ ಚಿಕ್ಕ ಕೋಶಕ್ಕೆ) ಪೂರ್ತಿ 1 ಬರೆದು ಮತ್ತೆ ಓದಿದರೆ, ಯಾವ ಬಿಟ್‌ಗಳು 0 ಆಗಿಯೇ ಉಳಿದವು ಅನ್ನುವುದರಿಂದ ಅಳತೆ ಸಿಗುತ್ತದೆ. ನನಗೆ ತುಂಬ ಇಷ್ಟವಾದ ಉಪಾಯ ಇದು. ಅಳತೆ ಹೇಳಲು ಬೇರೆ ರಿಜಿಸ್ಟರ್ರೇ ಬೇಡ.

ಐ2ಸಿ, ಎಸ್‌ಪಿಐ (ಚಿಪ್‌ಗಳನ್ನು ಜೋಡಿಸುವ ಇನ್ನೊಂದು ಸರಳ ಬಸ್), ಮತ್ತೆ ಚಿಪ್ ಒಳಗೇ ನೇರವಾಗಿ ಮೆಮೊರಿ ಅಡ್ರೆಸ್‌ನಲ್ಲಿ ಕೂತಿರುವ ಯುಆರ್ಟ್ (ಸೀರಿಯಲ್ ಪೋರ್ಟ್ ನಡೆಸುವ ಭಾಗ), ಟೈಮರ್‌ನಂಥ ಸಾಧನಗಳಿಗೆ ಇಂಥ ನಿಯಮ ಇಲ್ಲ. ಐ2ಸಿಯಲ್ಲಿ ಒಂದು ಅಡ್ರೆಸ್‌ಗೆ ಕರೆದರೆ 'ಹೂಂ' ಅನ್ನುವ ಒಂದು ಬಿಟ್ ಬರುತ್ತದೆ, ಅಷ್ಟೇ. ಯಾರು ಹೂಂ ಅಂದಿದ್ದು ಅಂತ ತಿಳಿಯುವ ಸಾಮಾನ್ಯ ದಾರಿ ಇಲ್ಲ. 48ರಲ್ಲಿ ಉಷ್ಣತೆ ಸೆನ್ಸರ್ ಇರಬಹುದು, ಅನಲಾಗ್‌ನಿಂದ ಡಿಜಿಟಲ್‌ಗೆ ಬದಲಿಸುವ ಚಿಪ್ ಕೂಡ ಇರಬಹುದು. ತಟ್ಟುವುದೂ ಅಪಾಯವೇ. ಕೆಲವು ಚಿಪ್‌ಗಳಿಗೆ ಆ ತಟ್ಟು ಒಂದು ಆಜ್ಞೆಯಾಗಿ ಕೇಳಿಸುತ್ತದೆ. ಐ2ಸಿ ಸ್ಕ್ಯಾನ್ ಮಾಡುವ ಟೂಲ್ ಶುರುವಾಗುವ ಮೊದಲೇ, ಇದರಿಂದ ಬಸ್ ಗೊಂದಲಕ್ಕೆ ಬೀಳಬಹುದು, ಡೇಟಾ ಹಾಳಾಗಬಹುದು ಅಂತ ಎಚ್ಚರಿಸುವುದು ಇದಕ್ಕೇ. ಮೆಮೊರಿ ಅಡ್ರೆಸ್‌ಗಳಂತೂ ಇನ್ನೂ ಕಷ್ಟ. ಏನೂ ಇಲ್ಲದ ಅಡ್ರೆಸ್ ಓದಿದರೆ ಕೆಲವು ಚಿಪ್‌ಗಳಲ್ಲಿ ಇಡೀ ಸಿಸ್ಟಂ ಅಲ್ಲೇ ನಿಂತುಬಿಡುತ್ತದೆ.

ಮೊದಲಿಂದಲೂ ಯಾರೋ ಒಬ್ಬರು ಇದನ್ನು ಬರೆದು ಕೊಡಲೇಬೇಕಿತ್ತು. ಹಳೆಯ ಪಿಸಿಯಲ್ಲಿ ಮೊದಲ ಸೀರಿಯಲ್ ಪೋರ್ಟ್ ಅಂದರೆ ಹೆಕ್ಸ್ 3ಎಫ್8, ಇಂಟರಪ್ಟ್ 4, ಅದು ಎಲ್ಲರಿಗೂ ಬಾಯಿಪಾಠ. ಬೇರೆ ಕಾರ್ಡ್‌ಗಳಿಗೆ ಜಂಪರ್ ಕೂರಿಸಿ, ಅದೇ ಸಂಖ್ಯೆಯನ್ನು ಆಪರೇಟಿಂಗ್ ಸಿಸ್ಟಂನ ಕಾನ್ಫಿಗರೇಶನ್‌ನಲ್ಲೂ ಬರೆಯುತ್ತಿದ್ದರು. ಸನ್ ಕಂಪನಿಯ ಯಂತ್ರಗಳಲ್ಲಿ ಫರ್ಮ್‌ವೇರ್, ಅಂದರೆ ಬೋರ್ಡ್‌ನಲ್ಲೇ ಇರುವ ಶುರುವಿನ ಪ್ರೋಗ್ರಾಂ, ತಾನೇ ಸಾಧನಗಳ ಒಂದು ಮರವನ್ನು ಕಟ್ಟಿ ಆಪರೇಟಿಂಗ್ ಸಿಸ್ಟಂ ಕೈಗೆ ಕೊಡುತ್ತಿತ್ತು, ಅದು 1994ರಲ್ಲಿ ಐಇಇಇ 1275 ಅನ್ನುವ ಮಾನದಂಡವಾಯಿತು, ಓಪನ್ ಫರ್ಮ್‌ವೇರ್ ಅಂದರೆ ಅದೇ. ಅಂಥ ಫರ್ಮ್‌ವೇರ್ ಇಲ್ಲದ ಬೋರ್ಡ್‌ಗಳಿಗಾಗಿ 2005ರ ಹೊತ್ತಿಗೆ ಪವರ್‌ಪಿಸಿ ಪ್ರೊಸೆಸರ್‌ನ ಲಿನಕ್ಸ್ ನೋಡಿಕೊಳ್ಳುವವರು ಆ ಮರವನ್ನೇ ಒಂದು ಫೈಲ್ ಆಗಿ ಚಪ್ಪಟೆ ಮಾಡಿದರು. ಆರ್ಮ್ ಪ್ರೊಸೆಸರ್‌ನ ಬೋರ್ಡ್‌ಗಳಲ್ಲಿ ಆಗಲೂ ಪ್ರತಿ ಬೋರ್ಡ್‌ಗೂ ಒಂದೊಂದು ಸಿ ಫೈಲ್, ಅದರೊಳಗೆ ಅಡ್ರೆಸ್‌ಗಳು. ಕರ್ನಲ್ ತುಂಬ ಅಂಥ ಫೈಲ್‌ಗಳೇ ತುಂಬಿಕೊಂಡು, 2011ರಲ್ಲಿ ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಆರ್ಮ್ ಕೋಡ್ ಬಗ್ಗೆ ಎಲ್ಲರೆದುರೇ ಸಿಟ್ಟಾದರು. ಆಮೇಲೆ ಆರ್ಮ್‌ನವರೂ ಡಿವೈಸ್ ಟ್ರೀ ಕಡೆ ಬಂದರು. ಲ್ಯಾಪ್‌ಟಾಪ್‌ನಲ್ಲೂ ಕಂಡುಹಿಡಿಯಲಾಗದ ಸಾಧನಗಳು ಇವೆ, ಟಚ್‌ಪ್ಯಾಡ್ ಎಷ್ಟೋ ಸಲ ಐ2ಸಿ ಮೇಲೆ ಇರುತ್ತದೆ. ಅಲ್ಲಿ ವಿವರಣೆ ಕೊಡುವುದು ಫರ್ಮ್‌ವೇರ್‌ನ ಎಸಿಪಿಐ ಕೋಷ್ಟಕಗಳು. ಬರೆಯುವ ಕೆಲಸ ತಯಾರಕರು ಮಾಡಿರುತ್ತಾರೆ, ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ ವ್ಯತ್ಯಾಸ.

ಪ್ರಶ್ನೆ: 'ರೆಗ್' ಸಾಲಿನಲ್ಲಿ ಕೆಲವು ಕಡೆ ಒಂದೇ ಸಂಖ್ಯೆ, ಕೆಲವು ಕಡೆ ಎರಡು, ಇನ್ನು ಕೆಲವು ಕಡೆ ನಾಲ್ಕು ಇರುತ್ತವೆ. ಬೇರೆ ಬೋರ್ಡ್‌ನ ಫೈಲ್‌ನಿಂದ ಮೆಮೊರಿ ನೋಡ್ ನಕಲು ಮಾಡಿಕೊಂಡೆ, ಕಂಪೈಲ್ ಆಯಿತು, ಆದರೆ ಕರ್ನಲ್ ಶುರುವಾಗುವ ಹೊತ್ತಿಗೇ ಸತ್ತುಹೋಗುತ್ತದೆ.

ಉತ್ತರ: ನಕಲು ಮಾಡಿದ ಸಾಲು ಸರಿಯೇ ಇರಬಹುದು. ಅದನ್ನು ಓದುವ ರೀತಿ ಬೇರೆಯಾಗಿದೆ.

'ರೆಗ್' ಅಂದರೆ ಸಾಧನದ ಅಡ್ರೆಸ್ ಹೇಳುವ ಸಾಲು. ಅದರೊಳಗೆ ಇರುವುದು 32 ಬಿಟ್‌ನ ತುಂಡುಗಳ ಒಂದು ಸಾಲು, ಒಂದೊಂದಕ್ಕೂ ಸೆಲ್ ಅಂತ ಹೆಸರು. ಇದರಲ್ಲಿ ಎಷ್ಟು ಸೆಲ್ ಸೇರಿ ಒಂದು ಅಡ್ರೆಸ್, ಎಷ್ಟು ಸೇರಿ ಒಂದು ಅಳತೆ, ಅನ್ನುವುದು ಆ ಸಾಲಿನಲ್ಲಿ ಬರೆದಿರುವುದಿಲ್ಲ. ಅದನ್ನು ಹೇಳುವುದು ಮೇಲಿನ ನೋಡ್, ಅಂದರೆ ಅಪ್ಪ ನೋಡ್‌ನಲ್ಲಿರುವ '#ಅಡ್ರೆಸ್-ಸೆಲ್ಸ್' ಮತ್ತು '#ಸೈಜ್-ಸೆಲ್ಸ್'. ಅದೇ ನೋಡ್‌ನದ್ದಲ್ಲ, ಅಜ್ಜ ನೋಡ್‌ನದ್ದೂ ಅಲ್ಲ, ನೇರ ಮೇಲಿನದು ಮಾತ್ರ. ಇವು ಮೇಲಿಂದ ಕೆಳಕ್ಕೆ ಇಳಿದು ಬರುವುದಿಲ್ಲ. ಬರೆಯದಿದ್ದರೆ ನಿಯಮಪುಸ್ತಕದ ಪ್ರಕಾರ 2 ಮತ್ತು 1 ಅಂತ ಇಟ್ಟುಕೊಳ್ಳಬೇಕು, ಆದರೆ ಅದನ್ನು ನಂಬಿಕೊಂಡು ಬಿಡಬೇಡಿ, ಮಕ್ಕಳಿರುವ ಪ್ರತಿ ಬಸ್ ನೋಡ್‌ನಲ್ಲೂ ಎರಡನ್ನೂ ಬರೆಯಿರಿ.

ಈಗ ನಿಮ್ಮ ಮೆಮೊರಿ ನೋಡ್ ನೋಡೋಣ. 64 ಬಿಟ್ ಬೋರ್ಡ್‌ನ ಫೈಲ್‌ನಲ್ಲಿ ಮೆಮೊರಿ ಹೆಕ್ಸ್ 80000000ರಿಂದ ಶುರು, 1 ಜಿಬಿ ಇದೆ ಅಂದುಕೊಳ್ಳಿ. ಅಲ್ಲಿ ಅಡ್ರೆಸ್‌ಗೆ 2 ಸೆಲ್, ಅಳತೆಗೆ 2 ಸೆಲ್. ಹಾಗಾಗಿ ಸಾಲು ಹೀಗಿರುತ್ತದೆ: 0, 80000000, 0, 40000000. ಮೊದಲ ಎರಡು ಸೇರಿ ಅಡ್ರೆಸ್, ಕೊನೆಯ ಎರಡು ಸೇರಿ ಅಳತೆ. ಇದೇ ಸಾಲನ್ನು ಅಡ್ರೆಸ್‌ಗೆ 1, ಅಳತೆಗೆ 1 ಅಂತ ಇರುವ 32 ಬಿಟ್ ಫೈಲ್‌ಗೆ ತಂದು ಅಂಟಿಸಿದರೆ ಕರ್ನಲ್ ಅದನ್ನು ಎರಡು ಜೋಡಿಯಾಗಿ ಓದುತ್ತದೆ. ಮೊದಲ ಜೋಡಿ: ಶುರು 0, ಅಳತೆ ಹೆಕ್ಸ್ 80000000, ಅಂದರೆ 2 ಜಿಬಿ. ಎರಡನೇ ಜೋಡಿ: ಶುರು ಮತ್ತೆ 0, ಅಳತೆ 1 ಜಿಬಿ. ಇಲ್ಲದ ಜಾಗದಲ್ಲಿ ಮೆಮೊರಿ ಇದೆ ಅಂತ ಕರ್ನಲ್ ನಂಬಿಬಿಟ್ಟಿತು, ಇದ್ದ ಜಾಗದ್ದು ಅದಕ್ಕೆ ಗೊತ್ತೇ ಆಗಲಿಲ್ಲ.

ಕಂಪೈಲರ್ ಯಾಕೆ ಸುಮ್ಮನಿತ್ತು ಅಂತ ನೀವು ಕೇಳಬಹುದು. ಅದು ನೋಡುವುದು ಉದ್ದವನ್ನು. ನಾಲ್ಕು ಸೆಲ್ ಅಂದರೆ 16 ಬೈಟ್, ಒಂದು ಜೋಡಿಗೆ 8 ಬೈಟ್, ಸರಿಯಾಗಿ ಎರಡು ಸಲ ಭಾಗ ಹೋಗುತ್ತದೆ, ತಪ್ಪು ಅನ್ನಲು ಅದಕ್ಕೆ ಕಾರಣ ಇಲ್ಲ. ತದ್ವಿರುದ್ಧ ಆಗಿದ್ದರೆ, ಅಂದರೆ ಎರಡೇ ಸೆಲ್ ಇರುವ ಸಾಲನ್ನು ನಾಲ್ಕು ಬೇಕಾದ ಕಡೆ ಹಾಕಿದ್ದರೆ, ಉದ್ದ ಹೊಂದುವುದಿಲ್ಲ ಅಂತ ಎಚ್ಚರಿಕೆ ಬರುತ್ತಿತ್ತು. ಹಾಗಾಗಿ 'ಕಂಪೈಲ್ ಆಯಿತು' ಅನ್ನುವುದನ್ನು ಇಲ್ಲಿ ಸಾಕ್ಷಿ ಅಂತ ತೆಗೆದುಕೊಳ್ಳಬೇಡಿ. ಅದೇ ಹೊತ್ತಿಗೆ, ಕಂಪೈಲರ್ ಕೊಡುವ ಎಚ್ಚರಿಕೆಗಳನ್ನು ಬಾಯಿ ಮುಚ್ಚಿಸಲೂ ಬೇಡಿ. ಎಷ್ಟೋ ಬಿಲ್ಡ್ ಸ್ಕ್ರಿಪ್ಟ್‌ಗಳಲ್ಲಿ ಅವನ್ನು ಆಫ್ ಮಾಡಿಟ್ಟಿರುತ್ತಾರೆ, ಅದು ನನಗೆ ಒಪ್ಪಿಗೆ ಇಲ್ಲ.

ನೋಡ್ ಹೆಸರಿನಲ್ಲಿ 'ಅಟ್' ಗುರುತಿನ ಮುಂದೆ ಬರುವ ಸಂಖ್ಯೆ 'ರೆಗ್'ನ ಮೊದಲ ಅಡ್ರೆಸ್ ಜೊತೆ ಒಂದೇ ಆಗಿರಬೇಕು. ಆದರೆ ಡ್ರೈವರ್ ಬಳಸುವುದು 'ರೆಗ್' ಅನ್ನು. ಹೆಸರನ್ನು ಮಾತ್ರ ತಿದ್ದಿ, ಏನೂ ಬದಲಾಗಲಿಲ್ಲ ಅಂತ ಬರೆಯುವವರು ಇದನ್ನು ಗಮನಿಸಿ.

ಪ್ರಶ್ನೆ: ಎಸ್‌ಪಿಐ ಸಾಧನಕ್ಕೆ 'ರೆಗ್' 0 ಅಂತ ಬರೆದಿರುತ್ತಾರೆ. ಎಸ್‌ಪಿಐನಲ್ಲಿ ಅಡ್ರೆಸ್ಸೇ ಇಲ್ಲವಲ್ಲ?

ಉತ್ತರ: ಇಲ್ಲ, ನಿಮ್ಮ ಮಾತು ಸರಿ. ಅಲ್ಲಿ 0 ಅಂದರೆ ಚಿಪ್ ಸೆಲೆಕ್ಟ್ ತಂತಿಯ, ಅಂದರೆ ಯಾವ ಚಿಪ್ ಜೊತೆ ಮಾತು ಅಂತ ಆರಿಸುವ ತಂತಿಯ, ಸಂಖ್ಯೆ. ಆ ಬಸ್ ಮೇಲೆ ಒಬ್ಬರನ್ನು ಇನ್ನೊಬ್ಬರಿಂದ ಗುರುತಿಸುವುದು ಯಾವುದೋ ಅದೇ 'ರೆಗ್'. ಸಿಪಿಯು ನೋಡ್‌ಗಳಲ್ಲಿ ಅದು ಕೋರ್‌ನ ಗುರುತು, ನೆಟ್‌ವರ್ಕ್ ತಂತಿಯ ಸಿಗ್ನಲ್ ನೋಡಿಕೊಳ್ಳುವ ಈಥರ್ನೆಟ್ ಪಿಎಚ್‌ವೈ ಚಿಪ್‌ಗಳ ಎಂಡಿಐಒ ಬಸ್‌ನಲ್ಲಿ 0ರಿಂದ 31ರ ತನಕದ ಒಂದು ಸಂಖ್ಯೆ. ಇವಕ್ಕೆಲ್ಲ ಅಳತೆ ಅನ್ನುವುದೇ ಇಲ್ಲ, ಅದಕ್ಕೇ '#ಸೈಜ್-ಸೆಲ್ಸ್' 0.

ಪ್ರಶ್ನೆ: ರಾಸ್ಪ್‌ಬೆರಿ ಪೈ ಚಿಪ್‌ನ ಕೈಪಿಡಿಯಲ್ಲಿ ಜಿಪಿಐಒ (ಪಿನ್‌ಗಳನ್ನು ಆನ್-ಆಫ್ ಮಾಡುವ ಭಾಗ) ಹೆಕ್ಸ್ 7ಇ200000ರಲ್ಲಿದೆ ಅಂತ ಇದೆ. ಡಿವೈಸ್ ಟ್ರೀಯಲ್ಲೂ ಹಾಗೇ ಇದೆ. ಆದರೆ ಪೈ 3ರಲ್ಲಿ ಬೇರ್-ಮೆಟಲ್ (ಆಪರೇಟಿಂಗ್ ಸಿಸ್ಟಂ ಇಲ್ಲದೆ ಓಡುವ) ಪ್ರೋಗ್ರಾಂ ಬರೆಯುವವರು 3ಎಫ್200000 ಬಳಸುತ್ತಾರೆ, ಪೈ 4ರಲ್ಲಿ ಎಫ್‌ಇ200000. ಇದರಲ್ಲಿ ಯಾವುದು ನಿಜ?

ಉತ್ತರ: ಎಲ್ಲವೂ ನಿಜ. ಯಾರು ನೋಡುತ್ತಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ. ಈ ಕಂತಿಗೆ ಬಂದ ಪ್ರಶ್ನೆಗಳಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟದ್ದು ಇದು, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

7ಇ200000 ಅನ್ನುವುದು ಚಿಪ್ ಒಳಗಿನ ಪೆರಿಫೆರಲ್ ಬಸ್ ಮೇಲಿನ ಅಡ್ರೆಸ್. ಪ್ರೊಸೆಸರ್ ಆ ಬಸ್ ಮೇಲೆ ನೇರವಾಗಿ ಕೂತಿಲ್ಲ. ಅದಕ್ಕೆ ತನ್ನದೇ ಒಂದು ಅಡ್ರೆಸ್ ನಕ್ಷೆ ಇದೆ, ಆ ನಕ್ಷೆಯಲ್ಲಿ ಪೆರಿಫೆರಲ್ ಬಸ್ ಪೂರ್ತಿ ಒಂದು ಕಿಟಕಿಯ ಮೂಲಕ ಕಾಣುತ್ತದೆ. ಕಿಟಕಿ ಎಲ್ಲಿ ತೆರೆಯುತ್ತದೆ ಅನ್ನುವುದು ಮಾದರಿಯಿಂದ ಮಾದರಿಗೆ ಬದಲಾಗಿದೆ: ಮೊದಲ ಪೈನಲ್ಲಿ ಹೆಕ್ಸ್ 20000000, ಪೈ 2 ಮತ್ತು 3ರಲ್ಲಿ 3ಎಫ್000000, ಪೈ 4ರಲ್ಲಿ ಎಫ್‌ಇ000000. ಬಸ್ ಒಳಗಿನ ಅಡ್ರೆಸ್ ಮಾತ್ರ ಈ ಎಲ್ಲದರಲ್ಲೂ ಅದೇ 7ಇ200000.

ಡಿವೈಸ್ ಟ್ರೀಯಲ್ಲಿ ಈ ಕಿಟಕಿಯನ್ನು ಹೇಳುವುದು ಬಸ್ ನೋಡ್‌ನ 'ರೇಂಜಸ್' ಸಾಲು. ಪೈ 3ರಲ್ಲಿ ಅದರ ಮೊದಲ ಮೂರು ಸಂಖ್ಯೆ 7ಇ000000, 3ಎಫ್000000, 1000000. ಓದುವ ಕ್ರಮ ಹೀಗೆ: ಕೆಳಗಿನ ಬಸ್‌ನಲ್ಲಿ ಶುರು, ಮೇಲಿನ ಬಸ್‌ನಲ್ಲಿ ಶುರು, ಎಷ್ಟು ಉದ್ದ. ಜಿಪಿಐಒ ಅಡ್ರೆಸ್‌ನಿಂದ ಕೆಳಗಿನ ಶುರುವನ್ನು ಕಳೆಯಿರಿ, 200000 ಉಳಿಯುತ್ತದೆ. ಅದು 1000000ಕ್ಕಿಂತ, ಅಂದರೆ 16 ಎಂಬಿಗಿಂತ, ಕಡಿಮೆ ಇದೆ, ಹಾಗಾಗಿ ಕಿಟಕಿಯ ಒಳಗೇ ಇದೆ. ಈಗ ಮೇಲಿನ ಶುರುವಿಗೆ ಕೂಡಿಸಿ: 3ಎಫ್200000. ಬೇರ್-ಮೆಟಲ್‌ನವರು ಬಳಸುವ ಸಂಖ್ಯೆ ಇದೇ. ಲಿನಕ್ಸ್ ಇದೇ ಲೆಕ್ಕವನ್ನು ಮರದ ಬೇರಿನ ತನಕ ಒಂದೊಂದು ಹಂತದಲ್ಲೂ ಮಾಡುತ್ತಾ ಹೋಗುತ್ತದೆ. ಪೈ 4ರ ಫೈಲ್‌ನಲ್ಲಿ ಇದೇ ಸಾಲಿನಲ್ಲಿ ಮೂರರ ಬದಲು ನಾಲ್ಕು ಸಂಖ್ಯೆ ಕಾಣುತ್ತದೆ: 7ಇ000000, 0, ಎಫ್‌ಇ000000, 1800000. ಗಾಬರಿ ಬೇಡ. ಅಲ್ಲಿ ಮೇಲಿನ ನೋಡ್‌ಗೆ ಅಡ್ರೆಸ್ ಅಂದರೆ 2 ಸೆಲ್, ನಡುವಿನ 0 ಮತ್ತು ಎಫ್‌ಇ000000 ಸೇರಿ ಒಂದೇ ಅಡ್ರೆಸ್.

ಇದರಿಂದ ಎಷ್ಟು ಉಪಕಾರವಾಗಿದೆ ನೋಡಿ. ಜಿಪಿಐಒ, ಯುಆರ್ಟ್, ಎಸ್‌ಪಿಐ, ಐ2ಸಿ ನೋಡ್‌ಗಳ ಅಡ್ರೆಸ್‌ಗಳನ್ನು ಒಂದು ಸಲ ಕೈಪಿಡಿಯಲ್ಲಿರುವ ಹಾಗೇ ಬರೆದು, ಅವನ್ನೇ ಹಲವು ಮಾದರಿಗಳು ಹಂಚಿಕೊಳ್ಳುತ್ತವೆ. ಹೊಸ ಮಾದರಿ ಬಂದಾಗ ಕಿಟಕಿಯ ಸಾಲು ಬದಲಾಯಿತು, ಡ್ರೈವರ್ ಒಳಗೆ ಅಡ್ರೆಸ್‌ಗಾಗಿ ಒಂದಕ್ಷರ ಮುಟ್ಟಬೇಕಾಗಲಿಲ್ಲ. ಕೈಪಿಡಿ ಮತ್ತು ಡಿವೈಸ್ ಟ್ರೀ ಅಕ್ಕಪಕ್ಕ ಇಟ್ಟು ನೋಡಿದರೆ ಸಂಖ್ಯೆಗಳು ಹೊಂದುತ್ತವೆ. ಕೆಲವರು 'ರೇಂಜಸ್' ರಗಳೆ ಯಾಕೆ ಅಂತ ಸಾಧನದ 'ರೆಗ್'ನಲ್ಲೇ ಪ್ರೊಸೆಸರ್ ಅಡ್ರೆಸ್ ಬರೆದುಬಿಡುತ್ತಾರೆ. ಕೆಲಸ ನಡೆಯುತ್ತದೆ, ಒಪ್ಪುತ್ತೇನೆ. ಆದರೆ ಮುಂದಿನ ಚಿಪ್ ಬಂದ ದಿನ ಪ್ರತಿ ನೋಡ್ ತಿದ್ದುತ್ತಾ ಕೂರಬೇಕು.

'ರೇಂಜಸ್' ಬಗ್ಗೆ ಒಂದು ಎಚ್ಚರ. ಖಾಲಿ 'ರೇಂಜಸ್' ಬೇರೆ, 'ರೇಂಜಸ್' ಇಲ್ಲದಿರುವುದು ಬೇರೆ. ಹೆಸರು ಬರೆದು ಬೆಲೆ ಕೊಡದೆ ಬಿಟ್ಟರೆ, ಕೆಳಗಿನ ಅಡ್ರೆಸ್ಸೂ ಮೇಲಿನ ಅಡ್ರೆಸ್ಸೂ ಒಂದೇ ಅಂತ ಅರ್ಥ. ಸಾಲನ್ನೇ ಬರೆಯದಿದ್ದರೆ, ಕೆಳಗಿನ ಅಡ್ರೆಸ್‌ಗಳಿಗೆ ಮೇಲೆ ಅರ್ಥವೇ ಇಲ್ಲ, ಪ್ರೊಸೆಸರ್ ಅಲ್ಲಿಗೆ ನೇರವಾಗಿ ಹೋಗುವಂತಿಲ್ಲ ಅಂತ. ಐ2ಸಿ ಬಸ್‌ಗೆ ಎರಡನೆಯದು ಸರಿ, 48ಕ್ಕೆ ಮೆಮೊರಿ ನಕ್ಷೆಯಲ್ಲಿ ಜಾಗ ಇಲ್ಲ. ಸಾಮಾನ್ಯ ಮೆಮೊರಿ ಬಸ್‌ಗೆ ಮರೆತು ಬಿಟ್ಟರೆ ಮಾತ್ರ ಕೆಳಗಿನ ಸಾಧನಗಳಿಗೆ ಅಡ್ರೆಸ್ ಸಿಗುವುದಿಲ್ಲ, ಒಂದೂ ಡ್ರೈವರ್ ಏಳುವುದಿಲ್ಲ.

ಡಿಎಂಎ, ಅಂದರೆ ಪ್ರೊಸೆಸರ್ ನಡುವೆ ಬಾರದೆ ಸಾಧನವೇ ಮೆಮೊರಿ ಓದಿ ಬರೆಯುವುದು, ಅದನ್ನು ಮಾಡುವವರಿಗೆ ಇನ್ನೊಂದು ಕಿಟಕಿ ಇದೆ, ಅದು ಎದುರು ದಿಕ್ಕಿನದು. ಸಾಧನದ ಕಡೆಯಿಂದ ನೋಡಿದಾಗ ಮೆಮೊರಿ ಎಲ್ಲಿ ಕಾಣುತ್ತದೆ ಅಂತ ಹೇಳುವುದು 'ಡಿಎಂಎ-ರೇಂಜಸ್'. ಪೈ 3ರಲ್ಲಿ ಪ್ರೊಸೆಸರ್‌ಗೆ 0ರಲ್ಲಿ ಕಾಣುವ ಮೆಮೊರಿ ಸಾಧನಗಳಿಗೆ ಹೆಕ್ಸ್ ಸಿ0000000ದಲ್ಲಿ ಕಾಣುತ್ತದೆ. ಪ್ರೊಸೆಸರ್ ಅಡ್ರೆಸ್ಸನ್ನೇ ಡಿಎಂಎ ಎಂಜಿನ್‌ಗೆ ಕೊಡಬೇಡಿ. ಕರ್ನಲ್‌ನ ಡಿಎಂಎ ಫಂಕ್ಷನ್‌ಗಳನ್ನು ಬಳಸಿ, ಅವು ಈ ಸಾಲು ನೋಡಿಕೊಂಡೇ ಅಡ್ರೆಸ್ ಕೊಡುತ್ತವೆ.

ಪ್ರಶ್ನೆ: ಗಡಿಯಾರದ ಚಿಪ್ ಡಿಎಸ್3231 ಮತ್ತು ಚಲನೆ ಸೆನ್ಸರ್ ಎಂಪಿಯು-6050 ಎರಡೂ ಹೆಕ್ಸ್ 68. ಒಂದೇ ಬಸ್ ಮೇಲೆ ಎರಡನ್ನೂ ಹೇಗೆ ಇಡುವುದು? ಡಿವೈಸ್ ಟ್ರೀಯಲ್ಲಿ ಒಂದಕ್ಕೆ 69 ಅಂತ ಬರೆದರೆ ಆಗುತ್ತದೆಯೇ?

ಉತ್ತರ: ಬರೆದ ಮಾತ್ರಕ್ಕೆ ಆಗುವುದಿಲ್ಲ. ಡಿವೈಸ್ ಟ್ರೀ ಚಿಪ್‌ಗೆ ಅಡ್ರೆಸ್ ಕೊಡುವುದಿಲ್ಲ, ಚಿಪ್‌ಗೆ ಈಗಾಗಲೇ ಇರುವ ಅಡ್ರೆಸ್ಸನ್ನು ಕರ್ನಲ್‌ಗೆ ತಿಳಿಸುತ್ತದೆ. ಮೊದಲು ಬೋರ್ಡ್‌ನಲ್ಲಿ ಬದಲಾಯಿಸಿ, ಆಮೇಲೆ ಫೈಲ್‌ನಲ್ಲಿ. ಎಂಪಿಯು-6050ರಲ್ಲಿ ಎಡಿ0 ಅಂತ ಒಂದು ಪಿನ್ ಇದೆ. ಅದನ್ನು ಹೈ ಮಾಡಿದರೆ ಚಿಪ್ 69ಕ್ಕೆ ಉತ್ತರಿಸುತ್ತದೆ. ಆಗ 69 ಅಂತ ಬರೆಯಿರಿ, ಮುಗಿಯಿತು.

ಎರಡೂ ಚಿಪ್‌ಗಳಿಗೆ ಅಂಥ ಪಿನ್ ಇಲ್ಲದಿದ್ದರೆ ಐ2ಸಿ ಮಕ್ಸ್ ಬೇಕು, ಒಂದು ಬಸ್ಸನ್ನು ಹಲವು ಕವಲುಗಳಾಗಿ ಒಡೆಯುವ ಚಿಪ್ ಅದು. ಟಿಸಿಎ9548ಎ ಅಂತ ಒಂದಿದೆ, ಎಂಟು ಚಾನಲ್, ಅದರ ಸ್ವಂತ ಅಡ್ರೆಸ್ ಹೆಕ್ಸ್ 70ರಿಂದ 77ರ ಒಳಗೆ. ಡಿವೈಸ್ ಟ್ರೀಯಲ್ಲಿ ಮಕ್ಸ್‌ನ ನೋಡ್ ಒಳಗೆ ಪ್ರತಿ ಚಾನಲ್‌ಗೂ ಒಂದು ಮರಿ ಬಸ್ ನೋಡ್, ಅದರ 'ರೆಗ್' ಚಾನಲ್ ಸಂಖ್ಯೆ, ಅದರೊಳಗೆ ಚಿಪ್, ಅದರ 'ರೆಗ್' 68. ಎರಡು ಚಾನಲ್‌ನಲ್ಲಿ ಎರಡು 68 ಇದ್ದರೂ ತಕರಾರಿಲ್ಲ, ಬಸ್ ಬೇರೆಯಾಯಿತಲ್ಲ. ಆದರೆ ಒಂದು 68ನ್ನು ಮಕ್ಸ್‌ನ ಮೇಲಿನ ಮುಖ್ಯ ಬಸ್‌ನಲ್ಲೇ ಬಿಟ್ಟು, ಇನ್ನೊಂದನ್ನು ಮಾತ್ರ ಚಾನಲ್‌ಗೆ ಹಾಕಬೇಡಿ. ಚಾನಲ್ ತೆರೆದಾಗ ಮುಖ್ಯ ಬಸ್ ಮತ್ತು ಚಾನಲ್ ಎರಡೂ ಒಂದೇ ತಂತಿಯ ಹಾಗೆ ಸೇರಿಬಿಡುತ್ತವೆ, ಇಬ್ಬರೂ ಒಟ್ಟಿಗೆ ಉತ್ತರಿಸುತ್ತಾರೆ. ಲಿನಕ್ಸ್‌ಗೂ ಇದು ಗೊತ್ತು, ಅಂಥ ಎರಡನೇ ಸಾಧನವನ್ನು ಅದು ಒಪ್ಪುವುದಿಲ್ಲ.

ಅಂದಹಾಗೆ, ಒಂದೇ ಚಿಪ್ ಹಲವು ಅಡ್ರೆಸ್ ಹಿಡಿದುಕೊಳ್ಳುವುದೂ ಉಂಟು. 24ಸಿ16 ಇಇಪ್ರಾಂನಲ್ಲಿ (ಕರೆಂಟ್ ಹೋದರೂ ಡೇಟಾ ಉಳಿಸುವ ಮೆಮೊರಿ ಚಿಪ್) 2048 ಬೈಟ್ ಇದೆ, ಅದು 256 ಬೈಟ್‌ನ ಎಂಟು ಭಾಗವಾಗಿ ಹೆಕ್ಸ್ 50ರಿಂದ 57ರ ತನಕ ಎಲ್ಲ ಅಡ್ರೆಸ್‌ಗೂ ಉತ್ತರಿಸುತ್ತದೆ. ಆ ಬಸ್ ಮೇಲೆ 53ರಲ್ಲಿ ಬೇರೆ ಚಿಪ್ ಇಡುವ ಯೋಚನೆ ಇದ್ದರೆ ಈಗಲೇ ಬಿಡಿ.

ಪ್ರಶ್ನೆ: ಯುಎಸ್‌ಬಿ ಸಾಧನವನ್ನು ತೆಗೆದು ಮತ್ತೆ ಹಾಕಿದಾಗಲೆಲ್ಲ ಅಡ್ರೆಸ್ ಬದಲಾಗುತ್ತದೆ. ಒಂದೇ ಅಡ್ರೆಸ್ ನಿಲ್ಲುವ ಹಾಗೆ ಮಾಡಬಹುದೇ?

ಉತ್ತರ: ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಯುಎಸ್‌ಬಿಯಲ್ಲಿ ಅಡ್ರೆಸ್ ಸಾಧನದ್ದಲ್ಲ, ಹೋಸ್ಟ್ ಕೊಡುವುದು. ರೀಸೆಟ್ ಆದ ಸಾಧನ ಮೊದಲು 0 ಅಡ್ರೆಸ್‌ಗೆ ಉತ್ತರಿಸುತ್ತದೆ, ಆಮೇಲೆ ಹೋಸ್ಟ್ ಅದಕ್ಕೆ 1ರಿಂದ 127ರ ಒಳಗೆ ಒಂದು ಸಂಖ್ಯೆ ಕೊಡುತ್ತದೆ. ಬದಲಾಗದೇ ಇರುವುದು ಪೋರ್ಟ್. ಲಿನಕ್ಸ್‌ನಲ್ಲಿ 1-1.4 ಅಂತ ಹೆಸರು ಕಾಣುತ್ತದಲ್ಲ, ಅದರ ಅರ್ಥ 1ನೇ ಬಸ್‌ನ 1ನೇ ಪೋರ್ಟ್‌ನಲ್ಲಿರುವ ಹಬ್‌ನ 4ನೇ ಪೋರ್ಟ್. ನಿಮ್ಮ ಯುಡೆವ್ ನಿಯಮವನ್ನು (ಸಾಧನ ಸೇರಿದಾಗ ಲಿನಕ್ಸ್ ಏನು ಮಾಡಬೇಕು ಅನ್ನುವುದನ್ನು) ಆ ದಾರಿಯ ಮೇಲೆ ಬರೆಯಿರಿ, ಅಥವಾ ಸಾಧನದ ಸೀರಿಯಲ್ ನಂಬರ್ ಮೇಲೆ. ಬೋರ್ಡ್‌ಗೇ ಬೆಸುಗೆ ಹಾಕಿದ ಯುಎಸ್‌ಬಿ ಚಿಪ್‌ಗೆ ಡಿವೈಸ್ ಟ್ರೀ ನೋಡ್ ಬರೆಯುವಾಗಲೂ 'ರೆಗ್'ನಲ್ಲಿ ಬರುವುದು ಪೋರ್ಟ್ ಸಂಖ್ಯೆಯೇ. ಪಿಸಿಐನ ಬಸ್ ಸಂಖ್ಯೆಯೂ ಹೀಗೇ, ಶುರುವಾಗುವಾಗ ಹಂಚಿದ್ದು. ಒಂದು ಕಾರ್ಡ್ ಜಾಸ್ತಿ ಹಾಕಿದರೆ ಉಳಿದವರ ಸಂಖ್ಯೆ ಬದಲಾಗಬಹುದು, ಅದರ ಮೇಲೆ ಸ್ಕ್ರಿಪ್ಟ್ ಕಟ್ಟಬೇಡಿ.

ಪ್ರಶ್ನೆ: ನನ್ನ ಡ್ರೈವರ್‌ನಲ್ಲಿ ರಿಜಿಸ್ಟರ್ ಅಡ್ರೆಸ್ ಅನ್ನು ನೇರವಾಗಿ ಪಾಯಿಂಟರ್‌ಗೆ ಹಾಕಿದ್ದೆ, ಕರ್ನಲ್ ಕುಸಿಯಿತು. ಈಗ ಡಿವೈಸ್ ಟ್ರೀಯಿಂದ ತೆಗೆದುಕೊಳ್ಳುತ್ತಿದ್ದೇನೆ, ಆದರೆ ಮೈನಸ್ 16 ಎರರ್ ಬರುತ್ತಿದೆ. ಕರ್ನಲ್ ನಿಜವಾಗಿ ಏನು ಓದಿಕೊಂಡಿದೆ ಅಂತ ನೋಡುವುದು ಹೇಗೆ?

ಉತ್ತರ: ಮೊದಲನೆಯದು ಕುಸಿಯಲೇಬೇಕು. ಎಂಎಂಯು, ಅಂದರೆ ವರ್ಚುವಲ್ ಅಡ್ರೆಸ್ಸನ್ನು ಭೌತಿಕ ಅಡ್ರೆಸ್ಸಿಗೆ ಬದಲಿಸುವ ಭಾಗ, ಆನ್ ಆದ ಮೇಲೆ ಕರ್ನಲ್ ಕೂಡ ವರ್ಚುವಲ್ ಅಡ್ರೆಸ್‌ನಲ್ಲೇ ಓಡುತ್ತದೆ. ಭೌತಿಕ ಅಡ್ರೆಸ್ಸನ್ನು ಐಒ-ರಿಮ್ಯಾಪ್ ಮಾಡಿ, ಅದು ಕೊಟ್ಟ ಪಾಯಿಂಟರ್ ಮೂಲಕ, ಓದಲು ರೀಡ್‌ಎಲ್ ಬರೆಯಲು ರೈಟ್‌ಎಲ್ ಬಳಸಿ ಹೋಗಬೇಕು.

ಮೈನಸ್ 16 ಅಂದರೆ ಆ ಜಾಗ ಆಗಲೇ ಬೇರೆಯವರ ಕೈಯಲ್ಲಿದೆ ಅಂತ. ಪ್ರಾಕ್ (ಕರ್ನಲ್ ತನ್ನ ಸ್ಥಿತಿಯನ್ನು ತೋರಿಸುವ ಫೋಲ್ಡರ್) ಕೆಳಗೆ ಐಒಮೆಮ್ ಅಂತ ಒಂದು ಫೈಲ್ ಇದೆ, ರೂಟ್ ಆಗಿ ತೆರೆಯಿರಿ, ಇಲ್ಲದಿದ್ದರೆ ಅಡ್ರೆಸ್‌ಗಳೆಲ್ಲ ಸೊನ್ನೆ ಕಾಣುತ್ತವೆ. ನಿಮ್ಮ ಅಡ್ರೆಸ್ ಯಾರ ಹೆಸರಿನ ಕೆಳಗಿದೆ ಅಂತ ಅಲ್ಲಿ ಗೊತ್ತಾಗುತ್ತದೆ. ನಾನು ಕಂಡ ಹಾಗೆ ಎರಡು ಕಾರಣ ಸಾಮಾನ್ಯ: ಪಕ್ಕದ ಸಾಧನದ 'ರೆಗ್'ನಲ್ಲಿ ಅಳತೆಯನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಬರೆದಿರುತ್ತಾರೆ, ಅಥವಾ ಒಂದೇ ರಿಜಿಸ್ಟರ್ ಗುಂಪನ್ನು ಎರಡು ಡ್ರೈವರ್‌ಗಳು ನಿಜವಾಗಿಯೂ ಹಂಚಿಕೊಳ್ಳಬೇಕಾಗಿರುತ್ತದೆ. ಎರಡನೆಯದಾದರೆ ಆ ಗುಂಪಿಗೆ ಸಿಸ್ಕಾನ್ (ಹಂಚಿಕೊಂಡ ರಿಜಿಸ್ಟರ್‌ಗಳ) ನೋಡ್ ಮಾಡಿ, ಇಬ್ಬರೂ ಕರ್ನಲ್‌ನ ರೆಗ್‌ಮ್ಯಾಪ್ ಫಂಕ್ಷನ್‌ಗಳ ಮೂಲಕ ಹೋಗಲಿ. ಎರರ್ ತಪ್ಪಿಸಲು ಅಳತೆಯನ್ನು ಸುಮ್ನೆ ಚಿಕ್ಕದು ಮಾಡಬೇಡಿ. ಫೈಲ್‌ನಲ್ಲಿ ಇರಬೇಕಾದ್ದು ಹಾರ್ಡ್‌ವೇರ್ ಹೇಗಿದೆ ಅನ್ನುವುದು, ಡ್ರೈವರ್‌ಗೆ ಏನು ಅನುಕೂಲ ಅನ್ನುವುದಲ್ಲ. ಅದೇ ಡಿವೈಸ್ ಟ್ರೀಯನ್ನು ಯು-ಬೂಟ್ ಅನ್ನುವ ಬೂಟ್‌ಲೋಡರ್ ಓದಬಹುದು, ಫ್ರೀಬಿಎಸ್‌ಡಿ ಅನ್ನುವ ಬೇರೆ ಆಪರೇಟಿಂಗ್ ಸಿಸ್ಟಂ ಓದಬಹುದು.

ಕರ್ನಲ್ ಓದಿಕೊಂಡ ಮರ ಪೂರ್ತಿ ಪ್ರಾಕ್‌ನ ಡಿವೈಸ್-ಟ್ರೀ ಫೋಲ್ಡರ್‌ನಲ್ಲಿ ಇದೆ. ಪ್ರತಿ ನೋಡ್‌ಗೂ ಒಂದು ಫೋಲ್ಡರ್, ಪ್ರತಿ ಸಾಲಿಗೂ ಒಂದು ಫೈಲ್. ನಿಮ್ಮ ಬೂಟ್‌ಲೋಡರ್ ಹಳೆಯ ಫೈಲ್ ಎತ್ತಿಕೊಂಡಿದ್ದರೆ, ಓವರ್‌ಲೇ (ಮರದ ಮೇಲೆ ಸೇರಿಸುವ ತಿದ್ದುಪಡಿ ಫೈಲ್) ಏನನ್ನಾದರೂ ಬದಲಿಸಿದ್ದರೆ, ಇಲ್ಲಿ ಸಿಕ್ಕಿಬೀಳುತ್ತದೆ. 48ರ ಸೆನ್ಸರ್‌ನ 'ರೆಗ್' ಫೈಲ್ ಅನ್ನು ಹೆಕ್ಸ್ ಡಂಪ್ ಮಾಡಿದರೆ 00 00 00 48 ಅಂತ ನಾಲ್ಕು ಬೈಟ್ ಕಾಣಬೇಕು. ಸೆಲ್‌ಗಳನ್ನು ಯಾವಾಗಲೂ ಬಿಗ್ ಎಂಡಿಯನ್ ಆಗಿ, ಅಂದರೆ ದೊಡ್ಡ ಬೆಲೆಯ ಬೈಟ್ ಮೊದಲು ಬರುವ ಹಾಗೆ, ಇಟ್ಟಿರುತ್ತಾರೆ, ನಿಮ್ಮ ಪ್ರೊಸೆಸರ್ ಲಿಟಲ್ ಎಂಡಿಯನ್ ಆಗಿದ್ದರೂ ಅಷ್ಟೇ. ಹಾಗಾಗಿ ಡಂಪ್ ಮಾಡುವ ಟೂಲ್‌ಗೆ ಬೈಟ್ ಬೈಟ್ ಆಗಿ ತೋರಿಸು ಅಂತ ಹೇಳಿ, ಎರಡೆರಡು ಬೈಟ್ ಸೇರಿಸಿ ತೋರಿಸಿದರೆ ಅದಲುಬದಲಾಗಿ 4800 ಅಂತ ಕಾಣಬಹುದು. ಸಂಖ್ಯೆ ಸರಿ ಇದ್ದರೂ ಡ್ರೈವರ್ ಬರದಿದ್ದರೆ, ಪಕ್ಕದಲ್ಲೇ ಇರುವ, ಇದು ಯಾವ ಚಿಪ್ ಅಂತ ಹೇಳುವ 'ಕಂಪ್ಯಾಟಿಬಲ್' ಫೈಲ್ ತೆರೆದು ಡ್ರೈವರ್‌ನ ಕೋಷ್ಟಕದಲ್ಲಿರುವ ಹೆಸರಿನ ಜೊತೆ ಅಕ್ಷರ ಅಕ್ಷರ ಹೋಲಿಸಿ, ಮತ್ತೆ ಆ ನೋಡ್‌ನಲ್ಲೋ ಅದರ ಮೇಲಿನ ಕಂಟ್ರೋಲರ್‌ನಲ್ಲೋ 'ಸ್ಟೇಟಸ್' ಅನ್ನುವುದು 'ಡಿಸೇಬಲ್ಡ್' ಅಂತ ಉಳಿದಿದೆಯಾ ನೋಡಿ.